‘ಹೆಚ್ಚು ಕಡಿಮಿ’ ಎಂದು ಮಾರಿದ ವಿಮೆ

ಎಂಬತ್ತಾರು ರೂಪಾಯಿ. ಗಜೇಂದ್ರಗಡದ ಒಂದು ಮನೆಗೆ ನಾನು ಉಳಿಸಿಕೊಟ್ಟ ಹಣ ಅದು. ಹದಿನೆಂಟು ಡಾಲರಿಗೆ ಆಗ ಅಷ್ಟಾಗುತ್ತಿತ್ತು. ಒಂದು ತೊಲೆ ಬಂಗಾರ ಅದರ ಆಜುಬಾಜಿಗೆ ಸಿಗುತ್ತಿದ್ದ ಕಾಲ. ಅಮೇರಿಕೆಗೆ ಓದಲು ಹೋದ ಹುಡುಗನಿಗೆ ಜಡ್ಡು ಬಂದರೆ ದವಾಖಾನೆಯ ಖರ್ಚು ಕೊಡುವ ವಿಮೆಗೆ ಅಲ್ಲಿಯ ಕಾಲೇಜು ವರ್ಷಕ್ಕೆ ಕೇಳಿದ್ದು ಅಷ್ಟೇ. ಅದು ಬೇಡವೆಂದು ಬರೆಸಿದವನು ನಾನು. ಯಾಕೆ ಬರೆಸಿದೆ ಅಂದರೆ, ಅದಕ್ಕೆ ಹೂಂ ಅಂದಿದ್ದರೆ ನಾನು ಹಿಂದೆ ಆಡಿದ್ದ ಒಂದು ಮಾತು ಸುಳ್ಳಾಗುತ್ತಿತ್ತು. ಬರಿ ಒಂದು ಮಾತು. ಅದನ್ನು ಉಳಿಸಿಕೊಳ್ಳಲು ಹೋಗಿ ಇಪ್ಪತ್ತೆರಡು ವರ್ಷದ ಹುಡುಗನನ್ನು ಕಳೆದೆ.

ಈಗ ವಿಮೆಯ ಕೆಲಸಕ್ಕೆ ಸೇರುವ ಹುಡುಗರು ನನ್ನನ್ನು ನೋಡಲು ರೋಣಕ್ಕೆ ಬರುತ್ತಾರೆ. ಎಷ್ಟು ಪಾಲಿಸಿ ಮಾಡಿದಿರಿ, ಏನೇನು ಬಹುಮಾನ ಬಂತು ಎಂದು ಕೇಳುತ್ತಾರೆ. ಬಹುಮಾನ ಬಂದವು, ಒಂದು ಗೋಡೆ ಗಡಿಯಾರ ಇನ್ನೂ ನಡೆಯುತ್ತಿದೆ. ಅದನ್ನು ಬಿಡಿ. ನನ್ನ ಕೆಲಸ ಖರೇ ಹೇಗಿತ್ತು ಎಂಬುದನ್ನು ಹೇಳುತ್ತೇನೆ, ಬೇಕಾದ್ದು ಇಟ್ಟುಕೊಳ್ಳಿ.

ನಮ್ಮಪ್ಪ ನರಗುಂದದ ಹತ್ತಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಮುಲ್ಕಿ, ಅಂದರೆ ಏಳನೆಯ ಇಯತ್ತೆ, ಪಾಸಾಗಿ, ಮೂರು ವರ್ಷ ಇಂಗ್ಲಿಷು ಕಲಿತು, ಅದೇ ಪೇಟೆಯ ಒಂದು ದಲಾಲಿ ಅಂಗಡಿಗೆ ಸೇರಿದೆ. ಅಲ್ಲಿ ಹತ್ತಿಯ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದು ವಸ್ತ್ರದ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಹಿಡಿದು ದರ ಮುರಿಯುತ್ತಿದ್ದರು. ಸುತ್ತ ಇಪ್ಪತ್ತು ಮಂದಿ ನಿಂತಿದ್ದರೂ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಆಡದೆ ಉಳಿದ ಮಾತಿನಲ್ಲೇ ಲಾಭ ಇರುತ್ತದೆ ಎಂದು ನಾನು ಹದಿನೆಂಟನೆಯ ವಯಸ್ಸಿಗೇ ತಿಳಿದುಕೊಂಡೆ. ಅದು ಹತ್ತಿಯ ಮಟ್ಟಿಗೆ ಸರಿಯಾಗಿತ್ತು.

ನನ್ನನ್ನು ವಿಮೆಗೆ ಎಳೆದವರು ದೇಸಾಯಿ ಸಾಹೇಬರು. ಒಂದು ಖಾಸಗಿ ವಿಮೆ ಕಂಪನಿಯ ಇನ್‌ಸ್ಪೆಕ್ಟರು, ಗದಗಿನಲ್ಲಿ ಕಚೇರಿ. ಬಿಳಿ ಧೋತರ, ಕರಿ ಕೋಟು, ಕೋಟಿನ ಕಿಸೆಯಲ್ಲಿ ಸದಾ ಲವಂಗ. ಪೇಟೆಯಲ್ಲಿ ನಾನು ರೈತರನ್ನು ಮಾತಿನಲ್ಲೇ ಒಲಿಸಿ ನಮ್ಮ ಅಂಗಡಿಗೆ ಕರೆತರುವುದನ್ನು ನೋಡಿ, “ಈ ನಾಲಿಗಿ ಹತ್ತಿಯೊಳಗ ಹಾಳಾಗ್ಲಿಕ್ಕತ್ತದ” ಎಂದು ಹೇಳಿ ಕರೆದುಕೊಂಡು ಹೋದರು. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರು, ನಡುವಿನ ಹಳ್ಳಿಗಳು, ಒಂದು ಸೈಕಲ್ಲು. ಅದು ನನ್ನ ರಾಜ್ಯ.

ಮೊದಲ ವಾರವೇ ಪೆಟ್ಟು ತಿಂದೆ. ಚಿಕ್ಕನರಗುಂದದ ಒಂದು ಮನೆಯ ಕಟ್ಟೆಯ ಮೇಲೆ ಕೂತು, ಮನೆಯ ಯಜಮಾನನಿಗೆ, “ನೀವು ಸತ್ತರ ಸಾವಿರ ರೂಪಾಯಿ ಬರತೈತ್ರಿ” ಎಂದು ನೇರ ಹೇಳಿದೆ. ಒಳಗಿಂದ ಅವನ ತಾಯಿ ಕಸಬರಿಗೆ ಹಿಡಿದೇ ಬಂದಳು. “ನನ್ನ ಮಗನ್ನ ಸಾಯಸಾಕ ಬಂದೀಯೇನೋ ಮೂಳಾ? ನಿನ್ನ ಸಾವಿರ ರೂಪಾಯಿ ನಿನ್ನ ಹೆಣದ ಮ್ಯಾಲೆ ಹಾಕ್ಕೋ!” ನಾನು ಸೈಕಲ್ಲನ್ನು ಹತ್ತದೆ ಹಾಗೆಯೇ ದಬ್ಬಿಕೊಂಡು ಓಡಿದೆ.

ಗದಗಿಗೆ ಹೋಗಿ ಹೇಳಿದಾಗ ದೇಸಾಯಿ ಸಾಹೇಬರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಅಲ್ಲೋ ಹುಚ್ಚಾ, ಆ ಶಬ್ದ ಬಾಯಾಗ ತರಬಾರದು. ಹೆಚ್ಚು ಕಡಿಮಿ ಆದ್ರ ಅನ್ನು. ತಿಳಿಯೋರಿಗೆ ತಿಳೀತದ.”

ಅಂದಿನಿಂದ ನಾನು ಆ ಶಬ್ದ ಬಿಟ್ಟೆ. ‘ಏನರ ಹೆಚ್ಚು ಕಡಿಮಿ ಆತಂದ್ರ ಕಂಪನಿ ಕೈ ಬಿಡೂದಿಲ್ಲ.’ ಈ ಒಂದು ಸಾಲಿನ ಮೇಲೆ ಮೂರು ಊರಿನಲ್ಲಿ ನನ್ನ ಹೆಸರು ನಿಂತಿತು. ಒಬ್ಬ ತಾಯಿಯೂ ಕಸಬರಿಗೆ ತರಲಿಲ್ಲ.

ಮಾತು ಬಾಯಿಂದ ಕಾಗದಕ್ಕೆ ಹೋಗುವಾಗ ಬೇರೆಯೇ ಆಗುತ್ತದೆ ಎಂಬುದಕ್ಕೆ ಶಿರೋಳದಲ್ಲಿ ನನಗೆ ಮೊದಲೇ ಒಂದು ಸೂಚನೆ ಸಿಕ್ಕಿತ್ತು. ಅಲ್ಲಿಯ ಒಬ್ಬ ಗಟ್ಟಿಮುಟ್ಟಾದ ಒಕ್ಕಲಿಗನನ್ನು ಪಾಲಿಸಿಗೆ ಒಪ್ಪಿಸಿ, ವೈದ್ಯಕೀಯ ತಪಾಸಣೆಗೆ ಡಾಕ್ಟರ ಮುಂದೆ ಕೂಡಿಸಿದೆ. ಡಾಕ್ಟರು ಬೇರೆ ಸೀಮೆಯವರು, ಇಲ್ಲಿಯ ಮಾತು ಕಲಿತಿದ್ದರು, ರೂಢಿ ತಿಳಿಯದು. “ಮೈಯಾಗ ಏನರ ತ್ರಾಸು ಬರ್ತದೇನು?” ಎಂದು ಕೇಳಿದರು. ಇವನು ಕೈ ಮುಗಿದು, “ವರ್ಷಕ್ಕೊಮ್ಮೆ ದೇವರು ಬರತಾನ್ರಿ. ಬಂದಾಗ ನನಗ ಖಬರ ಇರೂದಿಲ್ರಿ” ಎಂದ. ಡಾಕ್ಟರು ಅದನ್ನು ಮೂರ್ಛೆರೋಗ ಎಂದು ಬರೆದರು. ಕಂಪನಿ ಅರ್ಜಿಯನ್ನು ತಿರಸ್ಕರಿಸಿತು. ಆ ಕತೆಯನ್ನು ನಾನು ಹತ್ತು ಅಂಗಡಿಯ ಮುಂದೆ ಹೇಳಿ ನಗಿಸಿದೆ. ಅದರಿಂದ ಕಲಿಯಬೇಕಾದದ್ದನ್ನು ಮಾತ್ರ ಕಲಿಯಲಿಲ್ಲ.

ಸರಕಾರ ವಿಮೆ ಕಂಪನಿಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಳ್ಳುವ ಎರಡು ವರ್ಷ ಮೊದಲಿನ, ಐವತ್ನಾಲ್ಕನೆಯ ಇಸವಿಯ ಮಾತು. ಗಜೇಂದ್ರಗಡದಲ್ಲಿ ಈರಪ್ಪ ಎಂಬ ಸೀರೆ ವ್ಯಾಪಾರಿ ಇದ್ದ. ಮನೆಯ ಹಿಂದೆಯೇ ಆರು ಮಗ್ಗ. ತಂದೆತಾಯಿ ಬೇಗ ಹೋಗಿದ್ದರು. ತಮ್ಮ ಚನ್ನಬಸಪ್ಪನನ್ನು ಆರು ವರ್ಷದವನಿದ್ದಾಗಿನಿಂದ ಸಾಕಿದವರು ಈರಪ್ಪ ಮತ್ತು ಅವನ ಹೆಂಡತಿ ನೀಲವ್ವ. ಮೈದುನ ಅಂದರೆ ನೀಲವ್ವನಿಗೆ ಹೊಟ್ಟೆಯ ಮಗನೇ. ಹುಡುಗ ಧಾರವಾಡದಲ್ಲಿ ಕೃಷಿ ಓದಿ ಮೇಲಿನ ನಂಬರಿನಲ್ಲಿ ಪಾಸಾದ. ಹತ್ತಿಯ ಬೀಜದ ಬಗ್ಗೆ ಹೆಚ್ಚು ಓದಲು ಅಮೇರಿಕೆಯ ಒಂದು ಕಾಲೇಜು ಫೀ ಮಾಫ್ ಮಾಡಿ ಕರೆಯಿತು. ಊಟ ವಸತಿಯ ಖರ್ಚು ಅಣ್ಣನದು.

ಈ ಸುದ್ದಿ ಬಸ್ಸಿನಲ್ಲಿ ಕಿವಿಗೆ ಬಿದ್ದ ದಿನವೇ ನಾನು ಅವರ ಮನೆಯಲ್ಲಿದ್ದೆ. ಮಗ್ಗದ ಸಪ್ಪಳದ ನಡುವೆ ಕೂತೆವು. ನೀಲವ್ವ ಸೀರೆ ಮಡಚುತ್ತಿದ್ದಳು. ಚನ್ನು ಟ್ರಂಕಿನಲ್ಲಿ ಪುಸ್ತಕ ಹೊಂದಿಸುತ್ತಿದ್ದ.

“ಸಾಹುಕಾರ್ರ, ದೂರ ದೇಶ. ಸಮುದ್ರ ದಾಟಿ ಹೋಗೂದು. ಏನರ ಹೆಚ್ಚು ಕಡಿಮಿ ಆತಂದ್ರ ನಮ್ಮ ಕಂಪನಿ ಹಿಂದ ನಿಂತಿರತೈತಿ,” ಅಂದೆ.

ಈರಪ್ಪ ನಕ್ಕ. “ರುದ್ರಪ್ಪಾ, ನೀ ಹಿಂದ ನಿಂತಿ ಅಂದ್ರ ಮುಂದಿನ ಕಿಸೆ ಹಗರ ಆದಂಗ.”

“ಹಗರ ಆಗ್ಲಿ ಬಿಡ್ರಿ. ತಮ್ಮ ವಿಮಾನೋ ಹಡಗೋ ಹತ್ತೂದು ಸಸಾರ ಆಗತೈತಿ.”

ಆಗ ನೀಲವ್ವ ಸೀರೆ ಮಡಚುವುದನ್ನು ನಿಲ್ಲಿಸಿ ಕೇಳಿದಳು. “ಅಣ್ಣಾರ, ಜ್ವರ ಗಿರ ಬಂದ್ರೂ ಕೊಡತಾರೇನ್ರಿ? ಅವಗ ತಂಪು ಆಗಿಬರೂದಿಲ್ಲ. ಅಲ್ಲಿ ಐಸ ಬೀಳತೈತಂತಲ್ಲ.”

ನಾನು ದೊಡ್ಡದಾಗಿ ನಕ್ಕೆ. “ತಂಗೀ, ಹೆಚ್ಚು ಕಡಿಮಿ ಅಂದಮ್ಯಾಲೆ ಎಲ್ಲಾ ಬಂತಲ್ಲವಾ ಅದರಾಗ!”

ಚನ್ನು ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಅರ್ಜಿಯನ್ನು ಓದಿಯೇ ಸಹಿ ಮಾಡುವವನಿದ್ದ. ಇದು ಜೀವ ವಿಮೆ, ಜೀವ ಹೋದರೆ ಮಾತ್ರ ಹಣ ಎಂದು ಅವನಿಗೆ ತಿಳಿದಿತ್ತು. ಆದರೆ ಅದನ್ನು ಬಿಡಿಸಿ ಹೇಳಬೇಕಾದರೆ ಅತ್ತಿಗೆಯ ಎದುರು ತನ್ನ ಸಾವಿನ ಮಾತು ಆಡಬೇಕಾಗುತ್ತಿತ್ತು. ಮತ್ತೆ ಪುಸ್ತಕ ಹೊಂದಿಸತೊಡಗಿದ. ನಾನು ಅರ್ಜಿಯ ಫಾರ್ಮು ಬಿಚ್ಚಿದೆ. ಐದು ಸಾವಿರದ ಪಾಲಿಸಿ ಆಯಿತು.

ಹೊಳೆಆಲೂರಿನ ಸ್ಟೇಷನ್ನಿಗೆ ಕಳಿಸಲು ನಾನೂ ಹೋಗಿದ್ದೆ. ನೀಲವ್ವ ಅವನ ಚೀಲದಲ್ಲಿ ಶೇಂಗಾ ಹಿಂಡಿ, ಕಡಕ್ ರೊಟ್ಟಿ ತುರುಕಿದ್ದಳು. ರೈಲು ಸೊಲ್ಲಾಪುರದ ಕಡೆ ಹೋಯಿತು.

ಎರಡು ತಿಂಗಳ ಮೇಲೆ ಈರಪ್ಪ ಕರೆ ಕಳಿಸಿದ. ಚನ್ನುವಿನ ಕಾಗದದ ಜೊತೆ ಕಾಲೇಜಿನ ಒಂದು ಕಾರ್ಡು ಬಂದಿತ್ತು. ಜಡ್ಡಿನ ವಿಮೆ, ವರ್ಷಕ್ಕೆ ಹದಿನೆಂಟು ಡಾಲರು. ಸೇರುವುದಾದರೆ ಖರ್ಚು ಕೊಡುವ ಪಾಲಕರು ಮೇಲೆ ಸಹಿ ಮಾಡಬೇಕು. ಈಗಾಗಲೇ ಬೇರೆ ವಿಮೆ ಇದ್ದರೆ ಕೆಳಗೆ ಕಂಪನಿಯ ಹೆಸರು ಬರೆದು ಸಹಿ ಮಾಡಬೇಕು, ಹಣ ಕೊಡಬೇಕಿಲ್ಲ. ಚನ್ನು ಬರೆದಿದ್ದು ಇಷ್ಟೇ: ‘ಅಣ್ಣಾ, ನಿನಗ ಹ್ಯಾಂಗ ಕಾಣತೈತಿ ಹಂಗ ಮಾಡು.’ ಅಣ್ಣನಿಗೆ ಖರ್ಚಿನ ಮಾತನ್ನು ಒತ್ತಿ ಹೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

“ಓದಿ ಹೇಳು ರುದ್ರಪ್ಪಾ. ನೀ ಮಾಡಿಸಿದ್ದು ಐತಲ್ಲ, ಮತ್ತ ಇದ್ಯಾಕ?” ಎಂದ ಈರಪ್ಪ. ನೀಲವ್ವ ಬಾಗಿಲಲ್ಲಿ ನಿಂತಿದ್ದಳು.

ನನ್ನ ಇಂಗ್ಲಿಷು ಕಡಿಮೆ, ಹಾಗಾಗಿ ತಿಳಿಯಲಿಲ್ಲ ಎಂದು ಇಷ್ಟು ವರ್ಷ ಕೆಲವರಿಗೆ ಹೇಳಿದ್ದೇನೆ. ಅದು ಸುಳ್ಳು. ಜಡ್ಡು ಎಂಬುದಕ್ಕಿರುವ ಇಂಗ್ಲಿಷ್ ಶಬ್ದ ವಿಮೆ ಏಜೆಂಟನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಪೂರ್ತಿ ತಿಳಿಯಿತು. ಮೇಲಿನ ಸಾಲಿಗೆ ಸಹಿ ಮಾಡಿ ಎಂದರೆ ನೀಲವ್ವ, ‘ಹಂಗಾರ ನಿಮ್ಮದು ಜ್ವರಕ್ಕಲ್ಲೇನ್ರಿ?’ ಎಂದು ಕೇಳುತ್ತಿದ್ದಳು. ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಗಟ್ಟಿ ಹುಡುಗ, ಏನಾದೀತು ಎಂದು ಒಳಗೇ ಲೆಕ್ಕ ಹಾಕಿದೆ.

“ಇದ್ದದ್ದನ್ನ ಮತ್ತೊಮ್ಮೆ ಯಾಕ ಕೊಳ್ಳತೀರಿ? ಕೆಳಗ ಸಹಿ ಮಾಡ್ರಿ. ಎಂಬತ್ತಾರು ರೂಪಾಯಿ ಉಳೀತು,” ಅಂದೆ.

“ಈ ವರ್ಷ ನೀ ಮಾಡಿದ ಮೊದಲನೇ ಪುಣ್ಯದ ಕೆಲಸ!” ಎಂದು ಈರಪ್ಪ ನಗುತ್ತಾ ಸಹಿ ಮಾಡಿದ. ನಮ್ಮ ಕಂಪನಿಯ ಹೆಸರನ್ನು ನಾನೇ ನನ್ನ ಕೈಯಾರೆ, ದೊಡ್ಡ ಅಕ್ಷರದಲ್ಲಿ ಬರೆದೆ. ನೀಲವ್ವ ಚಹಾ ತಂದು ಕೊಟ್ಟಳು.

ಚಳಿಗಾಲದಲ್ಲಿ ಇನ್ನೊಂದು ಕಾಗದ ಬಂತು. ಈರಪ್ಪ ನನ್ನನ್ನು ಕೂಡಿಸಿಕೊಂಡು, ನಗದೆ, ತಾನೇ ಓದಿದ. ಚನ್ನು ಕೆಮ್ಮೆಂದು ಕಾಲೇಜಿನ ದವಾಖಾನೆಗೆ ಹೋಗಿದ್ದ. ಅಲ್ಲಿಯವರು ಅವನ ಕಾರ್ಡು ತೆಗೆದು ನೋಡಿ, ಅದು ಎಂಥ ವಿಮೆ ಎಂದು ಅವನಿಂದಲೇ ಕೇಳಿ ತಿಳಿದು, ನಿಮ್ಮ ಊರಿನ ವಿಮೆ ಜಡ್ಡಿಗೆ ಅಲ್ಲ, ನಮ್ಮದಕ್ಕೆ ನೀವು ಸೇರಿಲ್ಲ, ದೊಡ್ಡ ದವಾಖಾನೆಗೆ ಸೇರುವ ಪ್ರಸಂಗ ಬಂದರೆ ಖರ್ಚು ಪೂರ್ತಿ ನಿಮ್ಮದೇ ಎಂದಿದ್ದರು. ‘ವರ್ಷದ ನಡುವ ಸೇರಿಸಿಕೊಳ್ಳೂದಿಲ್ಲಂತ. ಮುಂದಿನ ಸಪ್ಟೆಂಬರಿಗೆ ಸೇರಬಹುದು. ನೀವು ಕಾಳಜಿ ಮಾಡಬ್ಯಾಡ್ರಿ. ಅಲ್ಲೀತನಕ ನಾ ಹುಷಾರಾಗಿ ಇರತೇನಿ.’

ಈರಪ್ಪ ಕಾಗದ ಮಡಚಿ ಕಿಸೆಯಲ್ಲಿಟ್ಟ. ನೀಲವ್ವ, “ನಾ ಜ್ವರದ ಮಾತು ಕೇಳಿದ್ದೆ. ನೀವು ನಕ್ಕಿದ್ರಿ” ಎಂದಳು.

ಮರುದಿನ ಬೆಳಿಗ್ಗೆ ನಾನು ಗದಗಿನಲ್ಲಿದ್ದೆ. ನೀಲವ್ವ ಕೇಳಿದ್ದು, ನಾನು ನಕ್ಕಿದ್ದು ಎಲ್ಲವನ್ನೂ ದೇಸಾಯಿ ಸಾಹೇಬರಿಗೆ ಹೇಳಿದೆ. “ಸಾಹೇಬ್ರ, ಕಂಪನಿಯಿಂದ ಏನರ ಒಂದು ಪತ್ರ ಕೊಡಸ್ರಿ. ಜಡ್ಡಿನ ಖರ್ಚು ನಾವು ಹೊರತೇವಿ ಅಂತ ಬರೀರಿ. ಖರ್ಚು ಬಂದ್ರ ನಾ ಕೊಡತೇನಿ.”

“ಹಂಗೆಲ್ಲ ಬರೀಲಿಕ್ಕೆ ಬರೂದಿಲ್ಲೋ. ಜಡ್ಡಿಗೂ ನಮಗೂ ಸಂಬಂಧ ಇಲ್ಲ. ನಿನಗ ಗೊತ್ತಿಲ್ಲೇನು?”

“ಹೆಚ್ಚು ಕಡಿಮಿ ಅನ್ನು ಅಂತ ಕಲಿಸಿದವ್ರು ನೀವ.”

ದೇಸಾಯಿ ಸಾಹೇಬರು ಬಾಯಿಯ ಲವಂಗ ಉಗುಳಿದರು. “ಶಬ್ದ ಕಲಿಸಿದೆ. ಅಕಿ ಜ್ವರಕ್ಕ ಕೊಡ್ತಾರೇನು ಅಂತ ಕೇಳಿದಾಗ ಹೂಂ ಅನ್ನು ಅಂತ ಕಲಿಸಿದ್ನೇನು?”

ನಾನು ಮುಂದಿನ ಬಸ್ಸಿಗೆ ರೋಣಕ್ಕೆ ಬಂದೆ.

ರೋಣದ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರ ಕಾಲು ಹಿಡಿದು ಕಾಲೇಜಿಗೆ ಕಾಗದ ಬರೆಸಿದೆ. ತಪ್ಪು ವಿದ್ಯಾರ್ಥಿಯದಲ್ಲ, ಮನೆಯವರದಲ್ಲ, ಏಜೆಂಟನದು. ದಯಮಾಡಿ ನಡುವರ್ಷವೇ ಸೇರಿಸಿಕೊಳ್ಳಿ, ಬೇಕಾದರೆ ಇಮ್ಮಡಿ ಹಣ ತೆಗೆದುಕೊಳ್ಳಿ ಎಂದು. ಡಾಲರು ಕಳಿಸಲು ಬ್ಯಾಂಕಿನ ಮೂಲಕ ಪರವಾನಗಿಗೆ ಅರ್ಜಿ ಹಾಕಿದೆ. ಆಮೇಲೆ ದಿನಾ ಟಪಾಲು ಕಾಯುವುದು. ಆ ಐದು ವಾರ ನಾನು ಹೊಸ ಪಾಲಿಸಿ ಮಾಡಲಿಲ್ಲ.

ಗಜೇಂದ್ರಗಡದಲ್ಲಿ ಒಂದು ಮಧ್ಯಾಹ್ನ ಬಸ್ಸಿಳಿದಾಗ ಪೋಸ್ಟ್ ಮಾಸ್ತರರು ಓಡಿ ಬಂದು ನನ್ನ ಕೈಯಲ್ಲಿ ತಂತಿ ಕೊಟ್ಟರು. “ನೀವು ಆ ಮನಿಗೆ ಹೋಗಿಬರೋರು. ನನ್ನ ಕೈಲೆ ಆಗೂದಿಲ್ರಿ. ನೀವ ಹೇಳ್ರಿ.”

ಈರಪ್ಪ ನರಗುಂದದ ಪೇಟೆಗೆ ಹೋಗಿದ್ದ. ಮಗ್ಗಗಳು ನಡೆಯುತ್ತಿದ್ದವು. ನೀಲವ್ವ ಹೊರಗೆ ಬಂದು ನನ್ನ ಮುಖ ನೋಡಿದಳು, ಆಮೇಲೆ ಕೈಯಲ್ಲಿದ್ದ ಕಾಗದ ನೋಡಿದಳು.

“ಏನಾತ್ರಿ ಅಣ್ಣಾರ?”

ಎಂಟು ವರ್ಷದ ರೂಢಿ. ಬಾಯಿಗೆ ಅದೇ ಬಂತು. “ತಂಗೀ, ಚನ್ನೂಗ ಹೆಚ್ಚು ಕಡಿಮಿ ಆಗೇತಿ.”

ಅವಳ ಮುಖದಲ್ಲಿ ಗಾಬರಿ ಇತ್ತು, ಆದರೆ ಆಸೆಯೂ ಇತ್ತು. “ಜ್ವರೇನ್ರಿ? ಭಾಳ ಐತೇನ್ರಿ?” ಎಂದು ಕೇಳಿದಳು. “ಇವರನ್ನ ಕರಸ್ತೇನಿ. ರೊಕ್ಕ ಕಳಸೂಣಂತ. ಎಷ್ಟಾದ್ರೂ ಕಳಸೂಣಂತ. ಬಂಗಾರ ಐತ್ರಿ ನನ್ನ ಕಡೆ.”

ನಾನು ಆಡಿದ ಮಾತನ್ನು ಅವಳು ನಾನೇ ಹಿಂದೆ ಕೊಟ್ಟ ಅರ್ಥದಲ್ಲಿ ನಂಬಿದ್ದಳು. ಹೆಚ್ಚು ಕಡಿಮೆ ಅಂದರೆ ಜ್ವರ. ಜ್ವರ ಅಂದರೆ ಇಳಿಯುವಂಥದ್ದು. ಅವಳು ಬಳೆಗೆ ಕೈ ಹಾಕುವ ಮೊದಲು ನಾನು ಹೇಳಬೇಕಾಗಿತ್ತು.

“ಇಲ್ಲವ್ವಾ. ಚನ್ನು ಸತ್ತ.”

ಮಗ್ಗಗಳು ಒಂದೊಂದಾಗಿ ನಿಂತವು.

ವಿವರ ಆಮೇಲೆ ತಿಳಿಯಿತು. ಅವನ ಜೊತೆಗೆ ಕೋಣೆಯಲ್ಲಿದ್ದ ಪುಣೆ ಕಡೆಯ ಹುಡುಗ ಬರೆದ. ಹೊಟ್ಟೆಯ ಬಲಭಾಗದಲ್ಲಿ ನೋವು ಎದ್ದಿತ್ತು. ಮೂರು ದಿನ ತಡೆದುಕೊಂಡ. ದವಾಖಾನೆಗೆ ನಡಿ ಎಂದರೆ, ಅಲ್ಲಿಯ ಒಂದು ದಿನದ ಖರ್ಚು ನನ್ನ ಒಂದು ತಿಂಗಳ ಊಟ, ವಾಯು ಇರಬೇಕು, ಇಳಿಯುತ್ತದೆ ಎನ್ನುತ್ತಿದ್ದನಂತೆ. ನಾಲ್ಕನೆಯ ದಿನ ಎಚ್ಚರ ತಪ್ಪಿದ ಮೇಲೆ ಎತ್ತಿಕೊಂಡು ಹೋದರು. ಒಳಗೆ ಕರುಳಿನ ತುದಿ, ಅಪೆಂಡಿಕ್ಸ್ ಅನ್ನುತ್ತಾರಲ್ಲ ಅದು, ಒಡೆದಿತ್ತು. ಮೊದಲ ದಿನವೇ ಬಂದಿದ್ದರೆ ಇದು ಅರ್ಧ ತಾಸಿನ ಕೆಲಸ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಅಲ್ಲೇ ಮಣ್ಣು ಮಾಡಿದರು. ಕಾಲೇಜಿನಿಂದ ನನ್ನ ಕಾಗದಕ್ಕೆ ಉತ್ತರ ಬಂದದ್ದು ಅದಾದ ಹತ್ತು ದಿನಕ್ಕೆ. ಬಹಳ ಸೌಜನ್ಯದ ಉತ್ತರ. ಮುಂದಿನ ವರ್ಷದ ಆರಂಭದಲ್ಲಿ ಸೇರಿಸಿಕೊಳ್ಳುತ್ತೇವೆ ಎಂದಿತ್ತು.

ಆಮೇಲೆ ನನ್ನ ಪಾಲಿಸಿಯ ಕೆಲಸ ಬಂತು. ಫಾರ್ಮು ತುಂಬಬೇಕು. ‘ಕೊನೆಯ ಜಡ್ಡಿನ ಲಕ್ಷಣ ಮೊದಲು ಯಾವಾಗ ಕಾಣಿಸಿತು?’ ಎಂಬ ಪ್ರಶ್ನೆಯನ್ನು ಈರಪ್ಪನ ಎದುರು ಓದಿದವನು ನಾನೇ. ಕಂಪನಿ ಒಂದು ತಕರಾರೂ ಮಾಡಲಿಲ್ಲ, ಐದು ಸಾವಿರವೂ ಬಂತು. ದೇಸಾಯಿ ಸಾಹೇಬರು ಚೆಕ್ಕು ಹಿಡಿದುಕೊಂಡು ತಾವೇ ಬರಲು ಸಿದ್ಧವಾದರು. “ಪೇಟಿಯೊಳಗ ನಾಕು ಮಂದಿ ಹಿರೇರನ್ನ ಕೂಡಸು, ಹಾರ ಹಾಕೂಣು, ಫೋಟೊ ತಗಸೂಣು. ಕಂಪನಿ ಕೊಡ್ತದ ಅಂತ ಮಂದಿ ಕಣ್ಣಿಗೆ ಕಾಣಬೇಕು.” ಜೀವಮಾನದಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಬಿರುಸಾದ ಚೌಕಾಸಿ ಅವತ್ತಿನದು. ಹಾರ, ಫೋಟೊ ಆದರೆ ಕೆಲಸ ಬಿಡುತ್ತೇನೆ ಎಂದು ಹೇಳಿ ಚೆಕ್ಕನ್ನು ಕಸಿದುಕೊಂಡಂತೆ ತಂದೆ.

ಈರಪ್ಪ ಚೆಕ್ಕು ತೆಗೆದುಕೊಂಡು ಕಣ್ಣು ಹಾಯಿಸದೆ ಪೆಟ್ಟಿಗೆಯಲ್ಲಿಟ್ಟ. ನೀಲವ್ವ ಕೇಳಿದಳು. “ದವಾಖಾನಿಗೆ ಅವತ್ತ ಹೋಗಿದ್ರ ಇದರಾಗಿಂದು ಎಷ್ಟು ಖರ್ಚಾಗ್ತಿತ್ರಿ?”

“ಐದರಾಗ ಒಂದು ಪಾಲು ತಂಗೀ.”

“ಕಂಪನಿಗೆ ಭಾಳ ಲುಕ್ಸಾನ ಆತಲ್ಲರಿ ಹಂಗಾರ,” ಎಂದಳು. ಸಿಟ್ಟಿನಲ್ಲಿ ಹೇಳಿದ ಮಾತಲ್ಲ. ಖರೇನೇ ಲೆಕ್ಕ ಮಾಡಿ ಹೇಳಿದಂತಿತ್ತು.

ಕೆಲಸ ಬಿಡುತ್ತೇನೆ ಎಂದವನು ಬಿಡಲಿಲ್ಲ. ಮನೆಯಲ್ಲಿ ಮೂರು ಮಕ್ಕಳು. ಅಷ್ಟೇ ಅಲ್ಲ, ಹಣ ಬಂದ ಸುದ್ದಿ ಹರಡಿ, ಆ ವಾರ ಗಜೇಂದ್ರಗಡದಲ್ಲಿ ನಾಲ್ಕು ಮಂದಿ ತಾವಾಗಿ ಕರೆದು ಪಾಲಿಸಿ ಕೊಟ್ಟರು. ತೆಗೆದುಕೊಂಡೆ. ಇದನ್ನು ಮುಚ್ಚಿಟ್ಟರೆ ಮೇಲೆ ಹೇಳಿದ್ದೆಲ್ಲ ದಂಡ.

ಬದಲಾದದ್ದು ಒಂದೇ. ಆ ಮೇಲೆ ನಾನು ಸಾವು ಎಂಬ ಶಬ್ದವನ್ನೇ ಬಳಸಿದೆ. ಕಟ್ಟೆಯ ಮೇಲೆ ಕೂತು ಮೊದಲು ಹೇಳುತ್ತಿದ್ದೆ: “ಇದು ಸತ್ತರ ಬರೂ ರೊಕ್ಕ. ಜ್ವರಕ್ಕ ಬರೂದಿಲ್ಲ, ಕಾಲು ಮುರಿದ್ರ ಬರೂದಿಲ್ಲ.” ಎಷ್ಟೋ ಮನೆಗಳಲ್ಲಿ ಎಬ್ಬಿಸಿ ಕಳಿಸಿದರು. ‘ಸಾಯೂ ಮಾತಿನ ರುದ್ರಪ್ಪ’ ಎಂಬ ಹೆಸರು ಬಿತ್ತು. ಹುಡುಗರು ಸೈಕಲ್ಲಿನ ಹಿಂದೆ ಕೂಗುತ್ತಿದ್ದರು. ವಿಮೆ ಸರಕಾರದ ಕೈಗೆ ಹೋದ ಮೇಲೆ ಫಾರ್ಮುಗಳು ಬದಲಾದವು, ಸಾಹೇಬರು ಬದಲಾದರು. ನನ್ನ ಧಂದೆ ಮೊದಲಿನ ಅರ್ಧಕ್ಕೆ ಇಳಿದು ಅಲ್ಲಿಯೇ ನಿಂತಿತು. ಈರಪ್ಪ ನನ್ನ ಜೊತೆ ವ್ಯವಹಾರ ಇಟ್ಟುಕೊಂಡ. ನಾನು ಹೋದಾಗಲೆಲ್ಲ ನೀಲವ್ವ ನೀರು ಕೊಡುತ್ತಿದ್ದಳು; ಚಹಾ ಮತ್ತೆ ಕೊಡಲಿಲ್ಲ.

ಏಜೆಂಟರಾಗುವ ಹುಡುಗರಿಗೆ ಹೇಳುವುದು ಇಷ್ಟು. ಮನೆಯಲ್ಲಿ ಒಬ್ಬರಾದರೂ ಅಡ್ಡ ಪ್ರಶ್ನೆ ಕೇಳುತ್ತಾರೆ, ಹೆಚ್ಚಾಗಿ ಸಹಿ ಮಾಡುವ ಹಕ್ಕಿಲ್ಲದ ಹೆಣ್ಣುಮಗಳು. ನಕ್ಕು ತಳ್ಳಬೇಡಿ. ಪಾಲಿಸಿ ಕೈತಪ್ಪಿದರೂ ಚಿಂತೆಯಿಲ್ಲ, ಅವಳಿಗೆ ಉತ್ತರ ಕೊಟ್ಟೇ ಏಳಿರಿ.

ಮಕ್ಕಳನ್ನು ಓದಲು ಪರದೇಶಕ್ಕೆ ಕಳಿಸುವವರಿಗೆ ಹೇಳುವುದು ಬೇರೆ. ಒಂದೊಂದು ದೇಶದ್ದು ಒಂದೊಂದು ರೀತಿ. ಕೆಲವು ಕಡೆ ಸರಕಾರವೇ ನೋಡಿಕೊಳ್ಳುತ್ತದೆ, ಕೆಲವು ಕಡೆ ಕಾಲೇಜೇ ಹಣ ಮುರಿದುಕೊಳ್ಳುತ್ತದೆ, ಕೆಲವು ಕಡೆ ನೀವೇ ಕೇಳಿ ಕೊಳ್ಳಬೇಕು. ಹೋಗುವ ಮೊದಲೇ ಕೇಳಿ ತಿಳಿದುಕೊಳ್ಳಿ. ಜಡ್ಡು ಬಂದರೆ ಯಾರು ಕೊಡುತ್ತಾರೆ, ಯಾವ ದಿನದಿಂದ ಕೊಡುತ್ತಾರೆ, ಏನಕ್ಕೆ ಕೊಡುವುದಿಲ್ಲ, ಇವಕ್ಕೆ ಉತ್ತರವನ್ನು ಕಾಗದದ ಮೇಲೆ ತೆಗೆದುಕೊಳ್ಳಿ. ಓದಲು ಬರದಿದ್ದರೆ ಮಾರುವವನಿಂದ ಓದಿಸಬೇಡಿ, ಆ ವ್ಯವಹಾರದಲ್ಲಿ ಲಾಭವಿಲ್ಲದವನಿಂದ ಓದಿಸಿ. ಯಾವುದೇ ಕಾರ್ಡಿನ ಮೇಲೆ ‘ನಮಗೆ ಬೇರೆ ಇದೆ’ ಎಂದು ಬರೆಯುವ ಮೊದಲು ಒಂದು ರಾತ್ರಿ ಕಳೆಯಲಿ.

ವಿಮೆ ಇರಲಿ, ಇಲ್ಲದಿರಲಿ, ಇದೊಂದನ್ನು ಮಾತ್ರ ತಪ್ಪಿಸಬೇಡಿ. ಮಕ್ಕಳು ನಮ್ಮ ಖರ್ಚಿನ ಲೆಕ್ಕವನ್ನು ನಮಗಿಂತ ಬಿಗಿಯಾಗಿ ಹಿಡಿದಿರುತ್ತಾರೆ, ನಮಗೆ ತಿಳಿಸುವುದಿಲ್ಲ. ಆದ್ದರಿಂದ ಪ್ರತಿ ಕಾಗದದ ಕೊನೆಗೆ, ಊರ ಸುದ್ದಿಯೆಲ್ಲ ಮುಗಿದ ಮೇಲೆ, ‘ನೋವು ಬಂದರೆ ಅವತ್ತೇ ದವಾಖಾನೆಗೆ ಹೋಗು, ನಮ್ಮನ್ನು ಕೇಳಬೇಡ’ ಎಂದು ಬರೆಯಿರಿ. ಪ್ರತಿ ಸಲವೂ ಅದನ್ನೇ ಏನು ಬರೆಯುತ್ತೀರಿ ಎಂದು ಅವರು ಬೇಸರಪಟ್ಟು ಉತ್ತರ ಬರೆಯುತ್ತಾರೆ. ಬರೆಯಲಿ. ಆ ಉತ್ತರ ಬಂದ ದಿನ ಅವರು ಇದ್ದಾರೆ ಎಂದಾಯಿತು.